ದವಾಖಾನೆ ಎಲ್ಲಿತ್ತು ಅಂತ ಅವ್ವನನ್ನು ಕೇಳಿ

"ವಕೀಲ್‌ಸಾಹೇಬ್ರ, ದವಾಖಾನೀನೇ ಬಂದ್ ಆಗ್ಯಾದ್ರಿ. ಇನ್ನ ಬರ್ತ್ ಸರ್ಟಿಫಿಕೇಟ್ ಎಲ್ಲಿಂದ ತರೋದು?" ಕಲಬುರಗಿ ಕೋರ್ಟಿನ ಹೊರಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಷ್ಟೊತ್ತಿಗೆ ಹೀಗೆ ಕೇಳುವವರು ಆ ದವಾಖಾನೆ ನಡೆಸುತ್ತಿದ್ದ ಡಾಕ್ಟರ ಮಗನ ಮನೆಗೆ ನಾಲ್ಕು ಸಲ ಅಲೆದಿರುತ್ತಾರೆ. ಪಾಪ, ಆತ ಏನು ಕೊಡಬೇಕು? ಹಳೇ ಕೇಸ್ ಶೀಟ್‌ಗಳು ಎಂದೋ ರದ್ದಿಗೆ ಹೋಗಿರುತ್ತವೆ.

ಸರ್ಟಿಫಿಕೇಟ್ ಕೊಡುವುದು ಇಂಥ ಖಾಸಗಿ ದವಾಖಾನೆ ಅಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹೆರಿಗೆ ಸುದ್ದಿಯನ್ನು ರಿಜಿಸ್ಟ್ರಾರ್‌ಗೆ, ಅಂದರೆ ಹುಟ್ಟು-ಸಾವು ಬರೆದುಕೊಳ್ಳುವ ಅಧಿಕಾರಿಗೆ, ಮುಟ್ಟಿಸುವುದಷ್ಟೇ ಅದರ ಕೆಲಸ. ಪುಸ್ತಕ ಇರುವುದು ರಿಜಿಸ್ಟ್ರಾರ್ ಬಳಿ. ಯಾವ ರಿಜಿಸ್ಟ್ರಾರ್? ಕೂಸು ಹುಟ್ಟಿದ ಜಾಗದವರು. ನಿಮ್ಮ ಊರಿನವರಲ್ಲ. ಆಧಾರ್ ವಿಳಾಸದವರಲ್ಲ. ದವಾಖಾನೆ ಕೊನೆಗೆ ಎಲ್ಲಿ ಮುಚ್ಚಿತೋ ಅಲ್ಲಿಯವರೂ ಅಲ್ಲ. ಹುಟ್ಟಿದ ದಿನ ಆ ಕಟ್ಟಡ ಯಾರ ಹದ್ದಿನಲ್ಲಿತ್ತು? ಅದನ್ನಷ್ಟೇ ನೋಡಬೇಕು.

ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಸಣ್ಣ ದವಾಖಾನೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಹೋದ ವರ್ಷ ಬಂದ ಕೇಸನ್ನೇ ನೋಡಿ. ಆ ದವಾಖಾನೆ ಸೂಪರ್ ಮಾರ್ಕೆಟ್ ಬಳಿ ಅಂಗಡಿ ಮೇಲಿನ ಎರಡು ಕೋಣೆಯಲ್ಲಿ ಶುರುವಾಗಿ, ಸ್ಟೇಷನ್ ರೋಡಿಗೆ ಹೋಗಿ, ಕೊನೆಗೆ ಊರಾಚೆ ಸ್ವಂತ ಕಟ್ಟಡ ಕಟ್ಟಿ, ಅಲ್ಲೇ ಮುಚ್ಚಿತು. ಊರಾಚೆಯ ಜಾಗ ಆಗ ಹಳ್ಳಿ ಲೆಕ್ಕಕ್ಕಿತ್ತು, ಪಾಲಿಕೆಗೆ ಸೇರಿರಲಿಲ್ಲ. ಜೇವರ್ಗಿ ಕಡೆಯ ಹೆಣ್ಣುಮಗಳು, 1986ರಲ್ಲಿ ಹುಟ್ಟಿದವರು. ಕೊನೇ ವಿಳಾಸ ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗಿ 'ದಾಖಲೆ ಲಭ್ಯವಿಲ್ಲ' ಅಂತ ಬರೆಸಿಕೊಂಡು, ತಡ ನೋಂದಣಿಗೆ ಅರ್ಜಿ ಹಾಕಿ ಅಂತ ನನ್ನ ಹತ್ತಿರ ಬಂದರು.

ಹಾಕಬಹುದಿತ್ತು, ನನಗೂ ಫೀಸು ಬರುತ್ತಿತ್ತು. 2023ರ ತಿದ್ದುಪಡಿ ಆದ ಮೇಲೆ ವರ್ಷ ದಾಟಿದ ನೋಂದಣಿಗೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಇಂಥವರ ಆದೇಶ ಬೇಕು. ಆದರೆ ಅಂದಾಜಿನ ತಾರೀಖಿನಲ್ಲಿ ಹೊಸದು ಮಾಡಿಸಿ, ನಾಳೆ ಹಳೇ ನಮೂದು ಸಿಕ್ಕರೆ? ಒಬ್ಬರಿಗೆ ಎರಡು ಹುಟ್ಟಿದ ದಿನ! ಪಾಸ್‌ಪೋರ್ಟ್ ಆಫೀಸಿನಲ್ಲಿ ಆಮೇಲೆ ಏನು ಹೇಳುತ್ತೀರಿ? (ಎಲ್ಲರ ಕೇಸೂ ಒಂದೇ ಥರ ಇರಲ್ಲ. ಕಾಗದ ನೋಡದೆ ನಾನು ಯಾರಿಗೂ ಖಾತ್ರಿ ಕೊಡಲ್ಲ.)

ಜೊತೆಗೆ ಬಂದಿದ್ದ ಅವರ ತಾಯಿಯನ್ನು ಕೇಳಿದೆ: "ಯವ್ವಾ, ಹೆರಿಗಿ ಆದಾಗ ದವಾಖಾನಿ ಎಲ್ಲಿತ್ತು?"

"ಅದೇನ್ ಗೊತ್ತಪ್ಪಾ. ರಾತ್ರಿಯೆಲ್ಲಾ ರೈಲ್ ಕೂಗ್ತಿತ್ತು ನೋಡು, ನಿದ್ದಿನೇ ಇಲ್ಲ."

ಸ್ಟೇಷನ್ ರೋಡ್! ಅಂದರೆ ಊರೊಳಗೆ, ಪಾಲಿಕೆ ಹದ್ದು.

ಅಲ್ಲಿ ಮಗಳ ಹೆಸರಿನಲ್ಲಿ ಹುಡುಕಿದರೂ ಸಿಗಲಿಲ್ಲ. ತೊಟ್ಟಿಲಿಗೆ ಹಾಕುವ ಮೊದಲೇ ಬರೆಸಿದ ಕೂಸಿಗೆ ಹೆಸರೆಲ್ಲಿರುತ್ತದೆ? ತಾಯಿ ಹೆಸರಿನಲ್ಲೂ ಇಲ್ಲ. ಕೊನೆಗೆ ಹೊಳೆಯಿತು: ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲಗ್ನದಲ್ಲಿ ಮದುಮಗಳ ಹೆಸರು ಬದಲಿಸುತ್ತಾರೆ. ಹೆರಿಗೆಗೆ ತವರಿಗೆ ಬಂದಿದ್ದರು, ಬರೆಸಿದವರು ಅಜ್ಜ. ತಮ್ಮ ಮಗಳಿಗೆ ತಾವಿಟ್ಟ ಹೆಸರನ್ನೇ ಬರೆಸಿದ್ದರು. ಆ ಹೆಸರಿನಲ್ಲಿ ಹುಡುಕಿದರೆ ನಮೂದು ಸಿಕ್ಕಿತು, ತಾರೀಖಿನ ಸಮೇತ. ತಾಯಿ ತಮ್ಮ ಹಳೇ ಹೆಸರನ್ನು ಎರಡು ಸಲ ಓದಿಸಿ ಕೇಳಿದರು.

ಈಗ ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸುತ್ತಿದ್ದೇವೆ.