ಹತ್ತು ವರ್ಷದ ವೀಸಾ, ಆರು ತಿಂಗಳ ವಾಸ

“10 ವರ್ಷದ ವೀಸಾ ಇದೆಯಲ್ಲ ಸರ್, ಈಗಲೇ ವಾಪಸ್ ಬರೋಕೆ ಏನು ಅವಸರ?” ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದ ಹಿರಿಯರೊಬ್ಬರು ಫೋನಿನಲ್ಲಿ ಕೇಳಿದರು. ಹೋಗಿ ಎಷ್ಟು ದಿನ ಆಯಿತು ಅಂದೆ. ಏಳು ತಿಂಗಳು ಅಂದರು. ನನ್ನ ಎದೆ ಧಸಕ್ಕೆಂದಿತು.

ಅಪ್ಪ-ಅಮ್ಮಂದಿರಿಗೆ ಸಾಮಾನ್ಯವಾಗಿ ಸಿಗುವುದು ಬಿ-1/ಬಿ-2 ವೀಸಾ, ಅಂದರೆ ಸ್ವಲ್ಪ ದಿನ ಬಂದು ಹೋಗುವವರಿಗೆ ಕೊಡುವ ವೀಸಾ. ಅದರ ಮೇಲಿರುವ ಕೊನೆಯ ದಿನಾಂಕಕ್ಕೂ ನೀವು ಅಲ್ಲಿ ಇರಬಹುದಾದ ದಿನಗಳಿಗೂ ಸಂಬಂಧವೇ ಇಲ್ಲ. ವೀಸಾ ಇದ್ದರೆ ಬಾಗಿಲವರೆಗೆ ಹೋಗಬಹುದು, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವುದು ವಿಮಾನ ಇಳಿದಾಗ ಸಿಗುವ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ಮೊದಲು ಪಾಸ್‌ಪೋರ್ಟಿಗೇ ಬಿಳಿ ಚೀಟಿ ಪಿನ್ ಮಾಡುತ್ತಿದ್ದರು, ಕಣ್ಣಿಗೆ ಬೀಳುತ್ತಿತ್ತು. ವಿಮಾನದಲ್ಲಿ ಹೋಗುವವರಿಗೆ 2013ರಿಂದ ಅದು ಆನ್‌ಲೈನ್ ಆಗಿದೆ. ಹುಡುಕಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಇಳಿದ ಮಾರನೇ ದಿನವೇ ಮಕ್ಕಳ ಕೈಲಿ ಐ-94 ತೆಗೆಸಿ ನೋಡಿ. ಪಾಸ್‌ಪೋರ್ಟ್ ಅವಧಿ ನಾಲ್ಕೇ ತಿಂಗಳು ಉಳಿದಿದ್ದರೆ ನಾಲ್ಕೇ ತಿಂಗಳು ಕೊಟ್ಟಿರಲೂಬಹುದು. ಜಾಸ್ತಿ ದಿನ ಇರಬೇಕಾದರೆ ಆ ದಿನಾಂಕ ಮುಗಿಯುವ ಮೊದಲೇ ಐ-539 ಅರ್ಜಿ ಹಾಕಬೇಕು. ಕನಿಷ್ಠ 45 ದಿನ ಮುಂಚೆ ಹಾಕಿ ಎಂದು ವಲಸೆ ಇಲಾಖೆಯೇ ಹೇಳುತ್ತದೆ.

ಒಂದು ದಿನ ಮೀರಿದರೂ ಆ 10 ವರ್ಷದ ವೀಸಾ ತಾನಾಗಿಯೇ ರದ್ದು. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಟರೆ 3 ವರ್ಷ ಒಳಗೆ ಬಿಡುವುದಿಲ್ಲ. ಒಂದು ವರ್ಷ ಆಗಿದ್ದರೆ 10 ವರ್ಷ. ಆ ಹಿರಿಯರು ಕೂಡಲೇ ಹೊರಟು ಬಂದರು, ಆದರೆ ವೀಸಾ ಹೋಗಿತ್ತು. ಮತ್ತೆ ಮೊದಲಿಂದ ಅರ್ಜಿ.

ವೀಸಾ ಕೊಡುವ ಮುಂಚಿನ ಸಂದರ್ಶನದ ಬಗ್ಗೆ ಒಂದೇ ಮಾತು. ಬರುವವರೆಲ್ಲ ಅಲ್ಲೇ ನೆಲೆಸಲು ಬರುತ್ತಾರೆ ಎಂದೇ ಅಲ್ಲಿನ ಕಾನೂನು ಅಂದುಕೊಳ್ಳುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಮಗ ಕಳುಹಿಸಿದ ದಪ್ಪ ಫೈಲನ್ನು ಎಷ್ಟೋ ಸಲ ಅಧಿಕಾರಿ ತೆರೆದೂ ನೋಡುವುದಿಲ್ಲ. ಮಕ್ಕಳು ಬಾಯಿಪಾಠ ಮಾಡಿಸಿದ ಉತ್ತರಕ್ಕಿಂತ ನಿಮ್ಮ ನೇರ ಮಾತೇ ವಾಸಿ.

ಇನ್ನು ಕೆಲವರು ಆರು ತಿಂಗಳು ಅಲ್ಲಿದ್ದು, ಒಂದು ತಿಂಗಳು ಊರಿಗೆ ಬಂದು, ಮತ್ತೆ ಹೊರಡುತ್ತಾರೆ. ವರ್ಷಕ್ಕೆ ಇಷ್ಟೇ ಸಲ ಎಂಬ ಲೆಕ್ಕ ಕಾನೂನಿನಲ್ಲಿಲ್ಲ, ನಿಜ. ಆದರೆ “ನೀವು ಇಲ್ಲೇ ವಾಸ ಮಾಡ್ತಿದ್ದೀರಾ?” ಎಂದು ಅಧಿಕಾರಿ ಕೇಳಿದರೆ ಉತ್ತರ ಕಷ್ಟ, ಅಲ್ವಾ? ಮಕ್ಕಳ ಜೊತೆಗೇ ಇರಬೇಕೆಂದರೆ ದಾರಿ ಬೇರೆ. 21 ವರ್ಷ ತುಂಬಿದ, ಅಮೆರಿಕದ ಪೌರತ್ವ ಪಡೆದ ಮಗ ಅಥವಾ ಮಗಳು ನಿಮ್ಮನ್ನು ಕಾಯಂ ಆಗಿ ಕರೆಸಿಕೊಳ್ಳಲು ಐ-130 ಅರ್ಜಿ ಹಾಕಬೇಕು. ಪೌರತ್ವವಿಲ್ಲದೆ ಬರೀ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇದ್ದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಿಗೆ ಹಾಕಬಹುದು, ತಂದೆ-ತಾಯಿಗೆ ಹಾಕುವಂತಿಲ್ಲ. ಇದನ್ನು ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.