ಎಲ್ಲಕ್ಕಿಂತ ಗಟ್ಟಿ ಪ್ರಾಣಿ ಯಾವುದು? ನೀರುಕರಡಿ ಅನ್ನುವ ಮೊದಲು ಇದನ್ನು ಓದಿ

ಪ್ರಶ್ನೆ: ಪ್ರಪಂಚದಲ್ಲಿ ಎಲ್ಲಕ್ಕಿಂತ ಗಟ್ಟಿ ಜೀವ ನೀರುಕರಡಿ ತಾನೇ? ಕುದಿಸಿದರೂ ಸಾಯಲ್ಲ, ಬಾಹ್ಯಾಕಾಶಕ್ಕೆ ಬಿಟ್ಟರೂ ಸಾಯಲ್ಲ ಅಂತಾರೆ, ನಿಜವಾ?

ಈ ಪ್ರಶ್ನೆ ಬರುವುದು ನಿಲ್ಲುವುದೇ ಇಲ್ಲ. ಕೇಳುವವರು ಪ್ರಶ್ನೆಯ ಜೊತೆಗೇ ಉತ್ತರವನ್ನೂ ಇಟ್ಟು ಕಳಿಸುತ್ತಾರೆ, ನಾನು ಹೌದು ಅಂದರೆ ಸಾಕು ಅವರಿಗೆ. ಮೊದಲೆಲ್ಲ ಹುಲಿ ಗೆಲ್ಲುತ್ತಾ ಸಿಂಹ ಗೆಲ್ಲುತ್ತಾ ಅಂತಿತ್ತು, ಆಮೇಲೆ ಜಿರಳೆ ಬಂತು, ಈಗ ಕೆಲವು ವರ್ಷಗಳಿಂದ ಬರೀ ನೀರುಕರಡಿ, ಅಂದರೆ ಟಾರ್ಡಿಗ್ರೇಡ್ ಅನ್ನುವ, ನೀರಿನಲ್ಲೂ ಒದ್ದೆ ಪಾಚಿಯಲ್ಲೂ ಇರುವ ಚುಕ್ಕೆಯಷ್ಟು ಪುಟ್ಟ ಪ್ರಾಣಿ. ಎರಡು ಸಾಲಿನ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ತೋರಿಸಬಹುದು.

ಮೊದಲು ನೇರ ಉತ್ತರ. ನೀರುಕರಡಿ ಸಾಯುತ್ತದೆ, ಅದೂ ಸುಲಭವಾಗಿ. ಡೆನ್ಮಾರ್ಕಿನ ಸಂಶೋಧಕರು ಒಂದು ಜಾತಿಯ ನೀರುಕರಡಿಗಳನ್ನು ಬಿಸಿ ನೀರಿನಲ್ಲಿಟ್ಟು ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಓಡಾಡಿಕೊಂಡು, ತಿಂದುಕೊಂಡು ಇದ್ದ ನೀರುಕರಡಿಗಳಲ್ಲಿ ಅರ್ಧದಷ್ಟು 37.1 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ದಿನಕ್ಕೆ ಸತ್ತವು. ನಿಮ್ಮ ಮೈಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕುದಿಯುವ ನೀರಿನ ಮಾತು ಬಿಡಿ, ಜ್ವರ ಬಂದ ಮನುಷ್ಯನ ಮೈಯ ಬಿಸಿಯನ್ನೂ ಅವು ಹೆಚ್ಚು ಹೊತ್ತು ತಡೆಯಲಾರವು.

ಹಾಗಾದರೆ ನೀರುಕರಡಿ 150 ಡಿಗ್ರಿ ಬಿಸಿಯನ್ನೂ ತಡೆಯುತ್ತದೆ ಅಂತ ಎಲ್ಲ ಕಡೆ ಓಡಾಡುವ ಲೆಕ್ಕ ಎಲ್ಲಿಂದ ಬಂತು? ಸುಮಾರು ನೂರು ವರ್ಷದ ಹಿಂದೆ, 1920ರ ದಶಕದಲ್ಲಿ, ಗಿಲ್ಬರ್ಟ್ ರಾಮ್ ಎಂಬ ಪಾದ್ರಿ ಮಾಡಿದ ಪ್ರಯೋಗಗಳಿಂದ. ಅವರು ಬಿಸಿ ಮಾಡಿದ್ದು ಪೂರ್ತಿ ಒಣಗಿದ್ದ ನೀರುಕರಡಿಗಳನ್ನು, ಅದೂ ಕೆಲವೇ ನಿಮಿಷ. ಈ 'ಒಣಗಿದ' ಮತ್ತು 'ಕೆಲವೇ ನಿಮಿಷ' ಎರಡೂ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿ, 'ನೀರುಕರಡಿಯನ್ನು ಕುದಿಸಿದರೂ ಸಾಯಲ್ಲ' ಅನ್ನುವುದೊಂದು ಉಳಿದುಕೊಂಡಿತು. ಡೆನ್ಮಾರ್ಕಿನವರು ಒಣಗಿದವನ್ನೂ ಪರೀಕ್ಷಿಸಿದ್ದರು. ಒಂದು ಗಂಟೆಯ ಮಟ್ಟಿಗೆ ಸುಮಾರು 82 ಡಿಗ್ರಿವರೆಗೆ ಅರ್ಧದಷ್ಟು ಉಳಿದವು. ಒಂದು ದಿನ ಇಟ್ಟಾಗ ಅದೇ ಮಿತಿ ಸುಮಾರು 63 ಡಿಗ್ರಿಗೆ ಇಳಿಯಿತು. ಅಂದರೆ ಎಷ್ಟು ಬಿಸಿ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅಂತಲೂ ಕೇಳಲೇಬೇಕು. ಇದನ್ನು ಕೇಳದೆ ಬರೆದ ದಾಖಲೆಗೆ ಬೆಲೆ ಇಲ್ಲ.

ಈ ಒಣಗುವುದು ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಎಲ್ಲ ಗೊಂದಲವೂ ಇಲ್ಲಿಂದಲೇ ಶುರು. ನೀರುಕರಡಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. ಎಂಟು ಮೊಂಡು ಕಾಲು, ತುದಿಯಲ್ಲಿ ಉಗುರು. ಒದ್ದೆ ಪಾಚಿಯ ಮೇಲಿನ ತೆಳ್ಳನೆ ನೀರಿನ ಪದರದಲ್ಲಿ ಒಂದೊಂದೇ ಕಾಲು ಊರಿಕೊಂಡು ತೆವಳುತ್ತದೆ. ಪಾಚಿ ನಿಧಾನವಾಗಿ ಒಣಗುತ್ತಾ ಬಂದ ಹಾಗೆ ಅದು ಕಾಲುಗಳನ್ನು ಒಳಗೆಳೆದುಕೊಳ್ಳುತ್ತದೆ, ತಲೆಯನ್ನೂ ಎಳೆದುಕೊಳ್ಳುತ್ತದೆ, ಮೈ ಸುಕ್ಕಾಗಿ ಸಣ್ಣ ಗುಳಿಗೆಯಾಗುತ್ತದೆ. ಮೈಯ ನೀರು ಬಹುಪಾಲು ಹೋಗಿ ಶೇಕಡಾ 3ರ ಆಸುಪಾಸಿಗೆ ಬರುತ್ತದೆ. ಜೀವಕೋಶಗಳ ಒಳಗೆ ವಿಶೇಷ ಪ್ರೊಟೀನ್‌ಗಳು ಗಾಜಿನ ಹಾಗೆ ಗಟ್ಟಿಯಾಗಿ ಉಳಿದ ಭಾಗಗಳನ್ನು ಹಿಡಿದಿಡುತ್ತವೆ. ಉಸಿರಾಟ, ಜೀರ್ಣ, ಬೆಳವಣಿಗೆ ಯಾವುದೂ ನಡೆಯುವುದಿಲ್ಲ. ಒಣಗಿದ ಬೀಜ ಡಬ್ಬಿಯಲ್ಲಿ ಕೂತಿರುತ್ತಲ್ಲ, ಹಾಗೆ. ನೀರು ಬಿದ್ದರೆ ಸ್ವಲ್ಪ ಹೊತ್ತಿನಲ್ಲಿ ಉಬ್ಬಿ, ಕಾಲು ಚಾಚಿ, ಮತ್ತೆ ನಡೆಯಲು ಶುರು ಮಾಡುತ್ತದೆ. ಎಷ್ಟು ಸಲ ನೋಡಿದರೂ ಬೇಸರ ಬಾರದ ದೃಶ್ಯ ಅದು.

ಆದರೆ ಇದಕ್ಕೂ ಷರತ್ತಿದೆ. ನಿಧಾನವಾಗಿ ಒಣಗಬೇಕು. ದಿಢೀರ್ ಅಂತ ಒಣಗಿಸಿದರೆ ಹಲವು ಜಾತಿಗಳು ಹಾಗೇ ಸತ್ತುಹೋಗುತ್ತವೆ, ಆಮೇಲೆ ಎಷ್ಟು ನೀರು ಹಾಕಿದರೂ ಏಳುವುದಿಲ್ಲ. ಸಿಹಿನೀರಿನಲ್ಲೇ ಇರುವ, ಸಮುದ್ರದಲ್ಲಿರುವ ಎಷ್ಟೋ ಜಾತಿಗಳಿಗೆ ಒಣಗಿ ಬದುಕುವ ಈ ಶಕ್ತಿಯೇ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಗೊತ್ತಿರುವ ಜಾತಿಗಳೇ 1,300ಕ್ಕಿಂತ ಜಾಸ್ತಿ. ಅಷ್ಟನ್ನೂ ಒಂದೇ ಮಾತಿನಲ್ಲಿ ಅಮರ ಅಂದರೆ ಹೇಗೆ?

ಇನ್ನು ಬಾಹ್ಯಾಕಾಶದ ಕಥೆ. ಅದು ನಡೆದದ್ದು ನಿಜ. 2007ರ ಸೆಪ್ಟೆಂಬರಿನಲ್ಲಿ ಫೋಟಾನ್-ಎಂ3 ಅನ್ನುವ ಉಪಗ್ರಹದಲ್ಲಿ ಎರಡು ಜಾತಿಯ ನೀರುಕರಡಿಗಳನ್ನು ಸುಮಾರು ಹತ್ತು ದಿನ ಬಯಲು ಬಾಹ್ಯಾಕಾಶಕ್ಕೆ ಒಡ್ಡಿದರು. ಹೋದದ್ದು ಒಣಗಿದ ಗುಳಿಗೆಗಳು, ಓಡಾಡುತ್ತಿದ್ದ ಪ್ರಾಣಿಗಳಲ್ಲ. ಗಾಳಿಯಿಲ್ಲದ ನಿರ್ವಾತವನ್ನು ಅವು ಚೆನ್ನಾಗಿಯೇ ತಡೆದುಕೊಂಡವು. ಅದು ಸಹಜ, ಏಕೆಂದರೆ ನಿರ್ವಾತ ಮಾಡುವ ಮುಖ್ಯ ಹಾನಿಯೇ ಒಣಗಿಸುವುದು, ಇವು ಹೊರಡುವ ಮೊದಲೇ ಒಣಗಿದ್ದವು. ಆದರೆ ಸೂರ್ಯನ ಅತಿನೇರಳೆ ಕಿರಣ ಪೂರ್ತಿಯಾಗಿ ಬಿದ್ದ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಬದುಕಿದ್ದು ಬೆರಳೆಣಿಕೆಯಷ್ಟು. ಸುದ್ದಿಯಾದದ್ದು ಆ ಬೆರಳೆಣಿಕೆಯವು ಮಾತ್ರ.

ಚಂದ್ರನ ಮೇಲೆ ನೀರುಕರಡಿಗಳು ಬದುಕುತ್ತಿವೆಯಂತೆ ಅನ್ನುವವರಿಗೂ ಇಲ್ಲೇ ಹೇಳುತ್ತೇನೆ. 2019ರ ಏಪ್ರಿಲ್‌ನಲ್ಲಿ ಇಸ್ರೇಲಿನ ಬೆರೆಶೀಟ್ ನೌಕೆ ಚಂದ್ರನಿಗೆ ಅಪ್ಪಳಿಸಿತು, ಅದರಲ್ಲಿ ಒಣಗಿದ ನೀರುಕರಡಿಗಳಿದ್ದವು, ಸರಿ. ಆಮೇಲೆ ಇಬ್ಬರು ಸಂಶೋಧಕರು ನೀರುಕರಡಿಗಳನ್ನು ಹೆಪ್ಪುಗಟ್ಟಿಸಿ, ವಿಶೇಷ ಬಂದೂಕಿನಲ್ಲಿಟ್ಟು ಮರಳಿಗೆ ಹೊಡೆದು ನೋಡಿದರು. ಸೆಕೆಂಡಿಗೆ ಸುಮಾರು 900 ಮೀಟರ್ ವೇಗದವರೆಗೆ ಕೆಲವು ಉಳಿದವು, ಅದನ್ನು ಮೀರಿದರೆ ಚೂರುಚೂರು. ಅಪ್ಪಳಿಸಿದಾಗ ನೌಕೆಯೊಳಗೆ ಹುಟ್ಟಿದ ಒತ್ತಡ ಅವು ತಡೆಯುವುದಕ್ಕಿಂತ ಹೆಚ್ಚು ಅಂತಲೇ ಅವರ ಲೆಕ್ಕ. ಒಂದು ವೇಳೆ ಗುಳಿಗೆ ಉಳಿದಿದೆ ಅಂತಲೇ ಇಟ್ಟುಕೊಳ್ಳಿ, ಅಲ್ಲಿ ನೀರು ಹಾಕುವವರು ಯಾರು? ನೀರಿಲ್ಲದೆ ಅದು ಏಳುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಅದಕ್ಕೆ ಬದುಕುವುದು ಅನ್ನೋಕಾಗಲ್ಲ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ವಿಕಿರಣದ ವಿಷಯದಲ್ಲಿ ನೀರುಕರಡಿಗೆ ಪೂರ್ತಿ ಗೌರವ ಸಲ್ಲಬೇಕು. ಚಿಕಿತ್ಸೆ ಸಿಗದಿದ್ದರೆ ಮನುಷ್ಯರಲ್ಲಿ ಅರ್ಧದಷ್ಟು ಜನರನ್ನು ಕೊಲ್ಲಲು 4–5 ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ) ವಿಕಿರಣ ಸಾಕು. ಕೆಲವು ನೀರುಕರಡಿಗಳು ಸಾವಿರಾರು ಗ್ರೇ ತಡೆದುಕೊಳ್ಳುತ್ತವೆ, ಒಣಗದೆ ಓಡಾಡಿಕೊಂಡಿರುವಾಗಲೂ. ಡಿಎನ್ಎಗೆ ಅಂಟಿಕೊಂಡು ಅದನ್ನು ಕಾಯುವ ಡಿಸಪ್ ಎಂಬ ಪ್ರೊಟೀನ್ ಒಂದು ಜಾತಿಯಲ್ಲಿದೆ ಅಂತ 2016ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ದೊಡ್ಡ ಸಂಗತಿ. ಆದರೂ ಹೆಚ್ಚಿನ ವಿಕಿರಣ ತಾಗಿ ಬದುಕಿದವುಗಳ ಮೊಟ್ಟೆಗಳು ಮರಿಯಾಗಲಿಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಪಾಚಿಯಲ್ಲಿರುವ ನೀರುಕರಡಿಯನ್ನು ಕೊಲ್ಲಲು ಅಣುಬಾಂಬ್ ಬೇಕಿಲ್ಲ. ಪಕ್ಕದಲ್ಲೇ ಇರುವ ನುಸಿ, ದುಂಡುಹುಳು, ಅಮೀಬಾ ಎಲ್ಲವೂ ಅದನ್ನು ತಿನ್ನುತ್ತವೆ. ದೊಡ್ಡ ನೀರುಕರಡಿಗಳೇ ಚಿಕ್ಕವನ್ನು ತಿನ್ನುತ್ತವೆ. ಬೂಷ್ಟು ಹತ್ತಿ ಸಾಯುತ್ತವೆ. ಯಾವುದೂ ತಾಗದಿದ್ದರೂ, ಎಚ್ಚರವಾಗಿ ಕಳೆಯುವ ಅದರ ಆಯಸ್ಸು ಕೆಲವು ತಿಂಗಳಿಂದ ಒಂದೆರಡು ವರ್ಷ.

ನನ್ನ ತಕರಾರು ಇಷ್ಟು. ಗಟ್ಟಿತನ ಅಂದಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೇವೆ. ಕಷ್ಟ ಬಂದಾಗ ಬದುಕನ್ನೇ ನಿಲ್ಲಿಸಿ ಕಾಯುವುದು ಒಂದು. ಕಷ್ಟದ ನಡುವೆಯೇ ದುಡಿದು, ಉಂಡು, ಮರಿ ಸಾಕುವುದು ಇನ್ನೊಂದು. ನೀರುಕರಡಿ ಮೊದಲನೆಯದರಲ್ಲಿ ನಿಪುಣ. ಅಲ್ಲೂ ಅದು ಒಂಟಿಯಲ್ಲ: ಉತ್ತರ ಅಮೆರಿಕದ ಕಾಡುಕಪ್ಪೆಯೊಂದು ಚಳಿಗಾಲದಲ್ಲಿ ಮೈಯ ನೀರಿನ ಮೂರನೇ ಎರಡು ಭಾಗ ಹೆಪ್ಪುಗಟ್ಟಿ, ಹೃದಯ ನಿಂತು, ವಸಂತದಲ್ಲಿ ಕರಗಿ ಕುಪ್ಪಳಿಸುತ್ತದೆ. ಆಫ್ರಿಕಾದ ಬಂಡೆಗುಂಡಿಗಳಲ್ಲಿ ಬೆಳೆಯುವ ಒಂದು ನೊಣದ ಮರಿಹುಳು ಪೂರ್ತಿ ಒಣಗಿ, 17 ವರ್ಷದ ನಂತರವೂ ನೀರು ಬಿದ್ದಾಗ ಎದ್ದಿದೆ. ಅದು ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಹುಳು, ಆದರೂ ಅದರ ಹೆಸರು ಎಷ್ಟು ಜನಕ್ಕೆ ಗೊತ್ತು?

ಎರಡನೆಯ ಬಗೆಯ ಗಟ್ಟಿತನಕ್ಕೆ ನಾನು ಮೊದಲು ಹೆಸರಿಸುವುದು ಸಹಾರಾದ ಬೆಳ್ಳಿ ಇರುವೆಯನ್ನು. ನಡು ಮಧ್ಯಾಹ್ನ ಮರಳು 60 ಡಿಗ್ರಿ ದಾಟಿದಾಗ ಹಲ್ಲಿಗಳೂ ತಾಳಲಾರದೆ ಬಿಲ ಸೇರುತ್ತವೆ. ಇರುವೆ ಕಾಯುತ್ತಿದ್ದದ್ದು ಅದಕ್ಕೇ. ಬಿಸಿಗೆ ಸತ್ತು ಬಿದ್ದ ಹುಳಗಳನ್ನು ಹೊತ್ತು ತರಲು ಗೂಡಿನಿಂದ ಒಟ್ಟಿಗೆ ಹೊರಬೀಳುತ್ತವೆ, ಕೈಯಲ್ಲಿ ಕೆಲವೇ ನಿಮಿಷ. ಮೈ ಬಿಸಿ 53 ಡಿಗ್ರಿ ದಾಟಿತೋ ಕಾಲು ತಪ್ಪಿ ಬಿದ್ದು ಸಾಯುತ್ತವೆ, ಹಾಗಾಗಿ ಓಟ. ಸೆಕೆಂಡಿಗೆ ಸುಮಾರು 85 ಸೆಂಟಿಮೀಟರ್, ಅಂದರೆ ತನ್ನ ಉದ್ದದ ನೂರು ಪಟ್ಟು. ಉದ್ದ ಕಾಲುಗಳು ಮೈಯನ್ನು ಮರಳಿನಿಂದ ಮೇಲೆತ್ತಿ ಹಿಡಿಯುತ್ತವೆ. ಮೈಮೇಲಿನ ಮೂರು ಮೂಲೆಯ ಕೂದಲುಗಳು ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ, ಒಳಗಿನ ಬಿಸಿಯನ್ನೂ ಹೊರಗೆ ಬಿಡುತ್ತವೆ. ಬಿಸಿಯಿಂದ ಕಾಪಾಡುವ ಪ್ರೊಟೀನ್‌ಗಳನ್ನು ಹೊರಗೆ ಕಾಲಿಡುವ ಮೊದಲೇ ಮೈಯಲ್ಲಿ ತಯಾರು ಮಾಡಿಕೊಂಡಿರುತ್ತದೆ. ಇಷ್ಟೆಲ್ಲ ಮಾಡುವಾಗ ಅದು ಎಚ್ಚರವಾಗಿದೆ, ದಾರಿ ನೆನಪಿಟ್ಟುಕೊಂಡಿದೆ, ಹೊರೆ ಹೊತ್ತಿದೆ.

ಚಳಿಯಲ್ಲಿ ಕೇಳುತ್ತೀರಾದರೆ ಗಂಡು ಎಂಪರರ್ ಪೆಂಗ್ವಿನ್. ಅಂಟಾರ್ಕ್ಟಿಕದ ಚಳಿಗಾಲದ ಕತ್ತಲಲ್ಲಿ, ಮೈನಸ್ 40 ಡಿಗ್ರಿಗೂ ಕೆಳಗಿಳಿಯುವ ಚಳಿಯಲ್ಲಿ, ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಎರಡು ತಿಂಗಳಿಗೂ ಹೆಚ್ಚು ಕಾಲ ನಿಲ್ಲುತ್ತದೆ. ಜೋಡಿ ಹುಡುಕಲು ಬಂದ ದಿನದಿಂದ ಲೆಕ್ಕ ಹಾಕಿದರೆ ಉಪವಾಸವೇ ಸುಮಾರು ನಾಲ್ಕು ತಿಂಗಳು, ಮೈತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕರಗುತ್ತದೆ. ಮರಿ ಹೊರಬಂದಾಗ ಹೆಣ್ಣು ಇನ್ನೂ ಮರಳಿರದಿದ್ದರೆ, ಆ ಬಡಕಲು ಮೈಯಿಂದಲೇ ಹಾಲಿನಂಥ ದ್ರವ ಊಡುತ್ತದೆ.

ದಣಿವಿನ ವಿಷಯಕ್ಕೆ ಬಂದರೆ ಗಾಡ್‌ವಿಟ್ ಹಕ್ಕಿ. 2022ರ ಅಕ್ಟೋಬರಿನಲ್ಲಿ ಐದು ತಿಂಗಳ ಒಂದು ಮರಿ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಹಾರಿತು. ಹನ್ನೊಂದು ದಿನ, ಎಲ್ಲೂ ಇಳಿಯದೆ, ಏನೂ ತಿನ್ನದೆ. ನೀರಿನ ಮೇಲೆ ಕೂತು ವಿಶ್ರಮಿಸುವ ಹಕ್ಕಿ ಅದಲ್ಲ. ಹೊರಡುವ ಮೊದಲು ಮೈತುಂಬ ಕೊಬ್ಬು ಕೂಡಿಸಿಕೊಂಡು, ಹಾರುವಾಗ ಬೇಡದ ಕರುಳನ್ನೂ ಜಠರವನ್ನೂ ಕುಗ್ಗಿಸಿಕೊಳ್ಳುತ್ತದೆ. ಒಂದೇ ಒಂದು ಹೆಸರು ಹೇಳಿ ಅಂತ ಪಟ್ಟು ಹಿಡಿದರೆ ನನ್ನ ಉತ್ತರ ಇದೇ.

ತರಕರಡಿ (ಹನಿ ಬ್ಯಾಡ್ಜರ್) ಯಾಕಿಲ್ಲ ಅಂತ ಕೇಳುವವರು ಈಗಾಗಲೇ ಬರೆಯಲು ಕೂತಿರುತ್ತಾರೆ. ಸಡಿಲ ದಪ್ಪ ಚರ್ಮ, ಹಾವಿನ ವಿಷಕ್ಕೆ ಸ್ವಲ್ಪ ತಡೆ, ಹೆದರದ ಸ್ವಭಾವ, ಎಲ್ಲ ನಿಜ. ಆದರೂ ಸಿಂಹ, ಚಿರತೆ ಅದನ್ನು ಕೊಲ್ಲುತ್ತವೆ. ಜಿರಳೆಗೂ ಹಾಗೇ: ವಿಕಿರಣ ಮನುಷ್ಯನಿಗಿಂತ ಜಾಸ್ತಿ ತಡೆಯುತ್ತದೆ, ಆದರೆ ಬೇರೆ ಎಷ್ಟೋ ಕೀಟಗಳು ಅದಕ್ಕಿಂತಲೂ ಹೆಚ್ಚು ತಡೆಯುತ್ತವೆ.

ಇಷ್ಟು ಬರೆದ ಮೇಲೆ, ನೀವ್ಯಾರೂ ಕೇಳದ, ಆದರೆ ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕು ಅನ್ನಿಸುತ್ತಿದೆ. ಹೀಗೆ ನಿಂತುಹೋದ ಜೀವಕ್ಕೆ ವಯಸ್ಸಾಗುತ್ತದೆಯೇ? ಒಣಗಿದ ಧೂಳಿಗೆ ನೀರು ಹಾಕಿದಾಗ ಸೂಕ್ಷ್ಮಜೀವಿಗಳು ಎದ್ದು ಓಡಾಡಿದ್ದನ್ನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ ಸಂಶೋಧಕ ಲೇವನ್‌ಹುಕ್ 1702ರಲ್ಲೇ ನೋಡಿ ಬರೆದಿದ್ದರು. ಅವು ಸತ್ತು ಹುಟ್ಟಿದವೋ, ಸಾಯಲೇ ಇಲ್ಲವೋ ಅನ್ನುವ ಜಗಳ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ವಯಸ್ಸಿನ ಪ್ರಶ್ನೆಗೆ ಜರ್ಮನಿಯ ಸಂಶೋಧಕರು ಚೆನ್ನಾದ ಪ್ರಯೋಗ ಮಾಡಿದರು: ಒಂದು ಗುಂಪಿನ ನೀರುಕರಡಿಗಳನ್ನು ಒಂದು ವಾರ ಹೆಪ್ಪುಗಟ್ಟಿಸುವುದು, ಒಂದು ವಾರ ಎಬ್ಬಿಸಿ ಊಟ ಕೊಡುವುದು, ಮತ್ತೆ ಹೆಪ್ಪುಗಟ್ಟಿಸುವುದು. ಇನ್ನೊಂದು ಗುಂಪು ಸಾಮಾನ್ಯವಾಗಿ ಬದುಕಿತು. ಹೆಪ್ಪುಗಟ್ಟಿದ ಗುಂಪಿನ ಕಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಆದರೆ ಎಚ್ಚರವಾಗಿದ್ದ ದಿನಗಳನ್ನಷ್ಟೇ ಎಣಿಸಿದರೆ ಎರಡೂ ಗುಂಪಿನ ಆಯಸ್ಸು ಒಂದೇ. ಮಲಗಿದ್ದ ಕಾಲ ಲೆಕ್ಕಕ್ಕೇ ಸೇರಲಿಲ್ಲ.

ಸೈಬೀರಿಯಾದ ಹೆಪ್ಪುನೆಲದಿಂದ ತೆಗೆದು ಎಬ್ಬಿಸಿದ ದುಂಡುಹುಳು 46,000 ವರ್ಷ ಹಳೆಯದು ಅಂತ 2023ರಲ್ಲಿ ಸುದ್ದಿ ಬಂತಲ್ಲ, ಅದನ್ನೂ ಹೀಗೆಯೇ ಓದಿಕೊಳ್ಳಬೇಕು. ಎದ್ದ ಹುಳು ತಿಂದಿತು, ಗಂಡಿನ ಸಹಾಯವಿಲ್ಲದೆ ಮೊಟ್ಟೆ ಇಟ್ಟಿತು, ತನ್ನ ಜಾತಿಯ ಉಳಿದ ಹುಳುಗಳಷ್ಟೇ ಬದುಕಿ ಸತ್ತಿತು. ಅದರ ಸಂತಾನ ಪ್ರಯೋಗಾಲಯದಲ್ಲಿ ಬೆಳೆಯುತ್ತಾ ಹೋಯಿತು, ಜೀನೋಮನ್ನೂ (ಪೂರ್ತಿ ಡಿಎನ್ಎಯನ್ನು) ಓದಿದರು, ಹೊಸ ಜಾತಿ ಅಂತ ಹೆಸರೂ ಇಟ್ಟರು. ಆ ಹುಳುವಿನ ವಯಸ್ಸನ್ನು ಬರೆಯುವುದಾದರೆ ವಾರಗಳಲ್ಲಿ ಬರೆಯಬೇಕು, ಸಾವಿರ ವರ್ಷಗಳಲ್ಲಿ ಅಲ್ಲ.