ತೆರೆದ ಪಾಕೀಟನ್ನು ಮತ್ತೆ ಮುಚ್ಚುವುದು: ಬಿಜಾಪುರದ ಚೀಲದಿಂದ ಅಂಟುಪಟ್ಟಿಯವರೆಗೆ

ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್, ಇಲ್ಲಿಯ ಅರಸುಕುವರಿಯನ್ನು ರಾಜಕುಮಾರ ದಾನಿಯಾಲನಿಗೆ ತಂದುಕೊಳ್ಳುವ ಕಾರ್ಯ ಮುಗಿಸಿ 1604ರ ಸುಮಾರಿಗೆ ಆಗ್ರಾದ ಹಾದಿ ಹಿಡಿದಾಗ, ತಾನು ಹಿಂದೆಂದೂ ಕಾಣದಿದ್ದ ಒಂದು ಎಲೆಯನ್ನು ಜೊತೆಗೆ ಕೊಂಡೊಯ್ದ. ಅದು ತಂಬಾಕು. ಅದನ್ನು ಸೇದಲೆಂದು ಅವನು ಮಾಡಿಸಿದ ರತ್ನಖಚಿತ ಕೊಳವೆ, ಚಿನ್ನದ ಚಿಲುಮೆ, ಅಕ್ಬರ್ ಒಂದೆರಡು ದಮ್ಮು ಎಳೆದದ್ದು, ವೈದ್ಯರು ಬೇಡವೆಂದು ತಡೆದದ್ದು, ಇವೆಲ್ಲ ತಂಬಾಕಿನ ಚರಿತ್ರೆ ಬರೆದವರೆಲ್ಲರೂ ಹೇಳಿರುವ ಸಂಗತಿಗಳು. ಅಸದ್ ಬೇಗನದೇ ಬರಹದಲ್ಲಿರುವ ಇನ್ನೊಂದು ಸಣ್ಣ ವಿವರದ ಕಡೆಗೆ ಮಾತ್ರ ಯಾರೂ ಹೆಚ್ಚು ಗಮನ ಕೊಟ್ಟಂತಿಲ್ಲ. ಆದಿಲ್‌ಶಾಹ ಉಡುಗೊರೆಯಾಗಿ ಕೊಟ್ಟಿದ್ದ, ಬಲು ನಾಜೂಕಿನ ಕೆಲಸದ ತಾಂಬೂಲದ ಚೀಲವೊಂದರಲ್ಲಿ ಅವನು ಆ ತಂಬಾಕನ್ನು ತುಂಬಿಕೊಂಡು ಹೋಗಿದ್ದ.

ಎಲೆ-ಅಡಿಕೆಗೆಂದು ಹೊಲಿದ ಚೀಲದೊಳಗೆ ತಂಬಾಕು ಸೇರಿದ ಆ ಪದ್ಧತಿ ನಮ್ಮ ಭಾಗದಲ್ಲಿ ಇಂದಿಗೂ ಅಳಿದಿಲ್ಲ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳ ಹಿರಿಯರ ಸೊಂಟದಲ್ಲಿ ಕಾಣುವ ಚಂಚಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಎಂದು ಒಳಗೆ ಬೇರೆ ಬೇರೆ ಮನೆಗಳಿರುತ್ತವೆ. ಹಸಿಯಾಗಿರಬೇಕಾದ ಎಲೆಯ ತೇವ ಒಣಗಿರಬೇಕಾದ ತಂಬಾಕಿಗೆ ತಾಗದಂತೆ ನಡುವೆ ಬಟ್ಟೆಯ ಪದರ ಇರುತ್ತದೆ. ಬಾಯಿಗೆ ಪೋಣಿಸಿದ ದಾರವನ್ನು ಎರಡೂ ಕಡೆಯಿಂದ ಎಳೆದರೆ ಚೀಲ ನೆರಿಗೆಗಟ್ಟಿ ಮುಚ್ಚಿಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಸಲ ತೆರೆದರೂ ಇಪ್ಪತ್ತು ಸಲವೂ ಅದೇ ಬಿಗುವಿನಿಂದ ಮುಚ್ಚುತ್ತದೆ. ಸಿಗರೇಟಿನ ಪಾಕೀಟು ರೂಪಿಸುವವರು ಇಂದಿಗೂ ತಲೆ ಕೆಡಿಸಿಕೊಂಡಿರುವುದು ಇದೇ ಕೆಲಸಕ್ಕಾಗಿ.

ಸಮಸ್ಯೆಯ ಬೇರು ಎಲೆಯ ಗುಣದಲ್ಲೇ ಇದೆ. ತಂಬಾಕು ಸುತ್ತಲಿನ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿದ್ದರೆ ತನ್ನ ತೇವವನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಕಾರ್ಖಾನೆಯಿಂದ ಹೊರಬರುವ ಸಿಗರೇಟಿನ ತಂಬಾಕಿನಲ್ಲಿ ಸಾಮಾನ್ಯವಾಗಿ ಶೇ 12ರಿಂದ 13ರಷ್ಟು ತೇವಾಂಶವಿರುತ್ತದೆ. ಪ್ರಯೋಗಾಲಯಗಳಲ್ಲಿ ಸಿಗರೇಟುಗಳನ್ನು ಪರೀಕ್ಷಿಸುವ ಮುನ್ನ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 60ರ ಆರ್ದ್ರತೆಯಲ್ಲಿ ಇಟ್ಟು ಹದಕ್ಕೆ ತರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದಕ್ಕಿಂತ ಒಣಗಿದರೆ ತುದಿಯಿಂದ ಪುಡಿ ಉದುರುತ್ತದೆ, ಸಿಗರೇಟು ಬೇಗ ಉರಿಯುತ್ತದೆ, ಹೊಗೆ ಗಂಟಲನ್ನು ಕೆರೆಯುತ್ತದೆ. ತೇವ ಹೆಚ್ಚಾದರೆ ಕಾಗದದ ಮೇಲೆ ಹಳದಿ ಕಲೆ ಏಳುತ್ತದೆ, ಸೇದಲು ಎಳೆತ ಸಿಗುವುದಿಲ್ಲ, ಹೆಚ್ಚು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ಈ ಎರಡೂ ತೊಂದರೆಗಳನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ವಿಜಯಪುರದಲ್ಲಿ ಏಪ್ರಿಲ್ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿನಲ್ಲಿ, ಬೆಳಿಗ್ಗೆ ಒಡೆದ ಪಾಕೀಟಿನ ಕೊನೆಯ ಸಿಗರೇಟುಗಳನ್ನು ಸಂಜೆ ಕೊಂಡ ಗಿರಾಕಿ 'ಒಣಗೈತಿ' ಎಂದು ಮರಳಿಸುತ್ತಾನೆ. ಅದಕ್ಕಿಂತ ಸುಮಾರು ಎರಡರಷ್ಟು ಮಳೆ ಬೀಳುವ ಬೆಳಗಾವಿಯಲ್ಲಿ ಜುಲೈ ತಿಂಗಳ ಜಡಿಮಳೆಯ ಹೊತ್ತಿಗೆ ಅದೇ ಪಾಕೀಟಿಗೆ 'ಮೆತ್ತಗಾಗೈತಿ' ಎಂಬ ದೂರು ಬರುತ್ತದೆ. ಪಾನ್‌ಅಂಗಡಿಯವರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ನಾನು ಹತ್ತಿರದಿಂದ ನೋಡಿದ ಒಂದು ಅಂಗಡಿಯಲ್ಲಿ, ಪಾಕೀಟಿನ ಮೇಲಿನ ಹಾಳೆ ಬಿಚ್ಚಿ, ಒಳಗಿನ ಬೆಳ್ಳಿಕಾಗದದ ತುಂಡನ್ನು ಕಿತ್ತೆಸೆಯದೆ ಮತ್ತೆ ಸಿಗರೇಟುಗಳ ತಲೆಯ ಮೇಲೆ ಹೊದಿಸಿ, ಮುಚ್ಚಳ ಒತ್ತಿ, ಇಡೀ ಪಾಕೀಟನ್ನು ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಇಳಿಸುತ್ತಿದ್ದರು. ಪ್ರತಿ ಗಿರಾಕಿಗೂ ಡಬ್ಬಿ ತೆರೆದು, ಒಂದನ್ನು ತೆಗೆದು, ಮತ್ತೆ ಮುಚ್ಚುತ್ತಿದ್ದರು. ಕಾರ್ಖಾನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಆ ಡಬ್ಬಿ ಪೂರೈಸುತ್ತಿತ್ತು.

ಕಾರ್ಖಾನೆ ಅದನ್ನು ಅರ್ಧಕ್ಕೆ ಬಿಟ್ಟದ್ದು ಹೇಗೆಂದು ತಿಳಿಯಲು ಸುಮಾರು 140 ವರ್ಷ ಹಿಂದೆ ಹೋಗಬೇಕು. ಅಮೆರಿಕದ ಜೇಮ್ಸ್ ಬೊನ್ಸಾಕ್ 1881ರಲ್ಲಿ ಪೇಟೆಂಟ್ ಪಡೆದ ಯಂತ್ರ ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಸಿಗರೇಟು ಸುತ್ತತೊಡಗಿದ ಮೇಲೆ, ಹಿಂದೆ ಸೇದುವವನ ಕಣ್ಣೆದುರೇ ಸುತ್ತಿ ಕೊಡುತ್ತಿದ್ದ ವಸ್ತು ತಿಂಗಳುಗಟ್ಟಲೆ ಗೋದಾಮು, ಹಡಗು, ರೈಲುಗಳಲ್ಲಿ ಕಾಯಬೇಕಾದ ಸರಕಾಯಿತು. ಆರಂಭದ ಕಾಗದದ ಪೊಟ್ಟಣ ಮುರುಟಿ ಹೋಗದಂತೆ ಒಳಗೊಂದು ಗಟ್ಟಿ ರಟ್ಟಿನ ಚೀಟಿ ಇಡಲಾಯಿತು. ಆ ಚೀಟಿಯ ಮೇಲೆ ಚಿತ್ರ ಅಚ್ಚಾಗಿ, ಸಿಗರೇಟು ಕಾರ್ಡುಗಳನ್ನು ಕೂಡಿಡುವ ಹವ್ಯಾಸವೇ ಹುಟ್ಟಿಕೊಂಡಿತು. ನಂತರ ಬೆಂಕಿಪೆಟ್ಟಿಗೆಯಂತೆ ಒಳತಟ್ಟೆ ಜಾರುವ ರಟ್ಟಿನ ಪೆಟ್ಟಿಗೆ ಬಂತು. ಅದನ್ನು ಎಷ್ಟು ಸಲವಾದರೂ ಮುಚ್ಚಬಹುದಿತ್ತು, ಆದರೆ ಗಾಳಿಯನ್ನು ಅದು ತಡೆಯುತ್ತಿರಲಿಲ್ಲ.

ಗಾಳಿಯನ್ನು ನಿಜವಾಗಿ ತಡೆದದ್ದು ತಗಡಿನ ಡಬ್ಬಿ. 50 ಸಿಗರೇಟುಗಳ ಆ ದುಂಡು ಡಬ್ಬಿಯ ಬಾಯಿಗೆ ತೆಳುವಾದ ಲೋಹದ ಹಾಳೆ ಬೆಸೆದಿರುತ್ತಿತ್ತು. ಮುಚ್ಚಳದೊಳಗೇ ಇದ್ದ ಸಣ್ಣ ಅಲಗನ್ನು ಒತ್ತಿ ಒಂದು ಸುತ್ತು ತಿರುಗಿಸಿದರೆ ಹಾಳೆ ಕತ್ತರಿಸಿಕೊಳ್ಳುತ್ತಿತ್ತು, ಆಮೇಲೆ ಅದೇ ಮುಚ್ಚಳ ಬಿಗಿಯಾಗಿ ಕೂಡುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಭಾರತದ ಸೆಕೆ-ಮಳೆಗೆ ಹೇಳಿ ಮಾಡಿಸಿದಂತಿದ್ದ ಈ ಡಬ್ಬಿಗಳು ಸಿಗರೇಟು ಮುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಗುಂಡಿ, ಸೂಜಿ, ಚಿಲ್ಲರೆ ಕಾಸು ಇಡಲು ಉಳಿದವು. ಪುನಃ ಮುಚ್ಚಬಹುದಾದ ಸಿಗರೇಟು ಪಾಕೀಟು ಎಂಬುದನ್ನು ಪೂರ್ತಿ ಸಾಧಿಸಿದ್ದ ಏಕೈಕ ವಸ್ತು ಬಹುಶಃ ಅದೇ. ತಗಡು ದುಬಾರಿಯಾದದ್ದೇ ಅದರ ಅಂತ್ಯಕ್ಕೆ ಕಾರಣವಾಯಿತು.

ಅದರ ಜಾಗಕ್ಕೆ ಬಂದದ್ದು ಪಾರದರ್ಶಕ ಹಾಳೆ. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ ರೂಪಿಸಿದ ಸೆಲ್ಲೊಫೇನ್ ಮೊದಮೊದಲು ನೀರನ್ನು ತಡೆದರೂ ತೇವದ ಆವಿಯನ್ನು ತಡೆಯುತ್ತಿರಲಿಲ್ಲ. 1927ರಲ್ಲಿ ಡ್ಯುಪಾಂಟ್ ಕಂಪನಿಯ ವಿಲಿಯಂ ಚಾರ್ಚ್ ಅದಕ್ಕೆ ಲೇಪನ ಕೊಟ್ಟ ಮೇಲೆ ಆ ಕೊರತೆ ನೀಗಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸಿಗರೇಟು ಪಾಕೀಟುಗಳೆಲ್ಲ ಆ ಹೊದಿಕೆ ಹೊದ್ದವು. ಮುಂದೆ 1950ರ ದಶಕದಲ್ಲಿ ಬ್ರಿಟನ್ನಿನ ಮೋಲಿನ್ಸ್ ಯಂತ್ರ ಕಂಪನಿ ಹಿಂಬದಿಯಲ್ಲಿ ಮಡಿಕೆಯುಳ್ಳ ಮುಚ್ಚಳದ ರಟ್ಟಿನ ಪೆಟ್ಟಿಗೆಯನ್ನು ರೂಪಿಸಿತು. ಅದನ್ನು ಮಾರ್ಲ್‌ಬರೊ ಅಪ್ಪಿಕೊಂಡು ಲೋಕಕ್ಕೆಲ್ಲ ಪರಿಚಯಿಸಿತು. ಇಂದು ನಾವು ಅಂಗಡಿಗಳಲ್ಲಿ ಕಾಣುವ ಪಾಕೀಟಿನ ಅಂಗರಚನೆ ಹೆಚ್ಚುಕಡಿಮೆ ಅಂದಿನದೇ.

ಈ ರಚನೆಯ ದೋಷ ಒಂದು ಪಾಕೀಟನ್ನು ಬಿಚ್ಚಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಅದರಲ್ಲಿ ಮೂರು ಪದರಗಳಿವೆ. ನಡುವಿನ ರಟ್ಟು ಸಿಗರೇಟು ಮುರಿಯದಂತೆ ಕಾಯುತ್ತದೆ. ಒಳಗಿನ ಬೆಳ್ಳಿಕಾಗದವನ್ನು ಬರೀ ಮಡಚಿರುತ್ತಾರೆ, ಅಂಚುಗಳನ್ನು ಬೆಸೆದಿರುವುದಿಲ್ಲ. ತೇವವನ್ನು ನಿಜವಾಗಿ ತಡೆಯುವುದು ಶಾಖದಿಂದ ಬೆಸೆದ ಹೊರಗಿನ ಪಾರದರ್ಶಕ ಹಾಳೆಯೊಂದೇ. ಕೊಂಡವನು ಎಲ್ಲಕ್ಕಿಂತ ಮೊದಲು ಕಿತ್ತೆಸೆಯುವುದೂ ಅದನ್ನೇ. ಉಳಿದ ಮುಚ್ಚಳ ಕಣ್ಣಿಗೆ ಮುಚ್ಚಿದಂತೆ ಕಾಣುತ್ತದೆಯೇ ಹೊರತು ಗಾಳಿಯ ಮಟ್ಟಿಗೆ ಅದು ತೆರೆದ ಬಾಗಿಲು.

ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದಂತಹ ಕಂಪನಿಗಳು 2010ರ ದಶಕದಲ್ಲಿ ಮಾರುಕಟ್ಟೆಗೆ ತಂದ ಪುನಃ ಅಂಟುವ ಪಾಕೀಟುಗಳು ಈ ಕ್ರಮವನ್ನು ತಿರುಗಿಸಿ, ತೇವ ತಡೆಯುವ ಹೊಣೆಯನ್ನು ಹೊರಗಿನ ಹಾಳೆಯಿಂದ ಒಳಗಿನ ಹಾಳೆಗೆ ವರ್ಗಾಯಿಸಿದವು. ಮುಖ ಒರೆಸುವ ಒದ್ದೆ ಹಾಳೆಗಳ ಪಾಕೀಟಿನಲ್ಲಿ ನಾವು ಕಾಣುವಂತೆ, ಎಲ್ಲ ಅಂಚುಗಳನ್ನೂ ಬೆಸೆದ ಒಳಹಾಳೆಯಲ್ಲಿ ಒಂದು ಬಾಯಿಯನ್ನು ಕೊರೆದು, ಅದಕ್ಕಿಂತ ಅಗಲವಾದ ಅಂಟುಪಟ್ಟಿಯನ್ನು ಮೇಲೆ ಹಚ್ಚಲಾಗುತ್ತದೆ. ಪಟ್ಟಿ ಎತ್ತಿದರೆ ಬಾಯಿ ತೆರೆಯುತ್ತದೆ, ಒತ್ತಿದರೆ ಮತ್ತೆ ಅಂಟುತ್ತದೆ. ಹೇಳಲು ಇದು ಸುಲಭ. ಆದರೆ ಉದುರುವ ತಂಬಾಕಿನ ಪುಡಿ ಅಂಟಿನ ಮೇಲೆ ಕೂತರೆ ನಾಲ್ಕಾರು ಸಲಕ್ಕೇ ಪಟ್ಟಿಯ ಹಿಡಿತ ಸಡಿಲುತ್ತದೆ. ಅಂಟು ತೀರ ಗಟ್ಟಿಯಾದರೆ ಹಾಳೆಯೇ ಹರಿಯುತ್ತದೆ. ತಂಬಾಕು ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಹೀರುವ ವಸ್ತುವಾದ್ದರಿಂದ ಅಂಟಿಗೆ ಕಿಂಚಿತ್ತೂ ವಾಸನೆ ಇರಕೂಡದು. ಇವೆಲ್ಲವನ್ನೂ ನಿಮಿಷಕ್ಕೆ ನೂರಾರು ಪಾಕೀಟು ಕಟ್ಟುವ ಯಂತ್ರದ ವೇಗದಲ್ಲಿ, ಕೂದಲೆಳೆಯಷ್ಟೂ ಓರೆಯಾಗದಂತೆ ಮಾಡಬೇಕು.

ಇಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಸಿಗರೇಟುಗಳು ಖಾಲಿಯಾದಂತೆ ಒಳಗಿನ ಜಾಗ ಹೆಚ್ಚುತ್ತದೆ, ಪ್ರತಿ ಸಲ ತೆರೆದಾಗಲೂ ಹಿಂದಿಗಿಂತ ಹೆಚ್ಚು ಹೊರಗಾಳಿ ಒಳಸೇರುತ್ತದೆ, ಉಳಿದ ಕೆಲವೇ ಸಿಗರೇಟುಗಳು ಆ ಗಾಳಿಯೊಂದಿಗೆ ತೇವ ಹಂಚಿಕೊಳ್ಳಬೇಕಾಗುತ್ತದೆ. ಚಂಚಿಗೆ ಈ ತೊಂದರೆ ಇರಲಿಲ್ಲ, ಏಕೆಂದರೆ ಒಳಗಿನ ಪದಾರ್ಥ ಕಡಿಮೆಯಾದಂತೆ ಬಟ್ಟೆಯೂ ಮುದುಡುತ್ತಿತ್ತು. ರಟ್ಟಿನ ಪೆಟ್ಟಿಗೆಗೆ ಆ ಗುಣವಿಲ್ಲ.

ಪಾಕೀಟಿನ ಬಾಯಿಯ ವಿಷಯವನ್ನು ಎಂಜಿನಿಯರುಗಳಿಗೇ ಬಿಡದೆ ಕಾನೂನು ಕೈಗೆತ್ತಿಕೊಂಡದ್ದು ಯುರೋಪಿನಲ್ಲಿ. 2014ರಲ್ಲಿ ಯುರೋಪಿಯನ್ ಒಕ್ಕೂಟ ಹೊರಡಿಸಿ 2016ರ ಮೇ ತಿಂಗಳಿಂದ ಅನ್ವಯಿಸಿದ ತಂಬಾಕು ನಿರ್ದೇಶನದ 14ನೆಯ ವಿಧಿಯ ಪ್ರಕಾರ, ಸಿಗರೇಟು ಪಾಕೀಟು ಆಯತಾಕಾರದ ಪೆಟ್ಟಿಗೆಯಂತೆಯೇ ಇರಬೇಕು, ಅದರಲ್ಲಿ 20ಕ್ಕಿಂತ ಕಡಿಮೆ ಸಿಗರೇಟು ಇರಕೂಡದು, ಮತ್ತು ಒಮ್ಮೆ ತೆರೆದ ಮೇಲೆ ಪುನಃ ಮುಚ್ಚಬಲ್ಲ ಅಥವಾ ಅಂಟಿಸಬಲ್ಲ ಬಾಯಿ ಅದಕ್ಕೆ ಇರಕೂಡದು. ಹಿಂಬದಿಗೆ ಮಡಿಕೆಯುಳ್ಳ ಮುಚ್ಚಳಗಳಿಗೆ ಮಾತ್ರ ವಿನಾಯಿತಿ. ಮೊದಲ ಓದಿಗೆ ಇದು ವಿಚಿತ್ರವೆನಿಸಬಹುದು. ಆದರೆ ಪಾಕೀಟಿನ ಮೇಲಿನ ಎಚ್ಚರಿಕೆಯ ಚಿತ್ರ ತೆರೆಯುವಾಗ ಹರಿದುಹೋಗದೆ ಇಡಿಯಾಗಿ ಉಳಿಯಬೇಕು, ತೆರೆಯುವ-ಮುಚ್ಚುವ ಹೊಸ ಹೊಸ ಕೌತುಕಗಳು ಎಳೆಯರನ್ನು ಸೆಳೆಯುವ ಜಾಹೀರಾತಾಗಬಾರದು ಎಂಬ ಕಾಳಜಿಯನ್ನು ನೆನೆದರೆ ಅದರ ತರ್ಕ ಸ್ಪಷ್ಟವಾಗುತ್ತದೆ. ನನಗೆ ಆ ತರ್ಕ ಸರಿಯೆನಿಸುತ್ತದೆ. ಬಿಸ್ಕತ್ತನ್ನು ಗರಿಗರಿಯಾಗಿಡುವ ಮುಚ್ಚಳವನ್ನೂ, ಕ್ಯಾನ್ಸರ್ ತರುವ ವಸ್ತುವನ್ನು ಕೊನೆಯ ದಮ್ಮಿನವರೆಗೆ ರುಚಿಯಾಗಿಡುವ ಮುಚ್ಚಳವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಭಾರತದ ಕಾನೂನು ಹಿಡಿದ ದಾರಿ ಬೇರೆ. 1975ರ ಕಾಯ್ದೆ ಪಾಕೀಟಿನ ಮೇಲೆ ಒಂದು ಸಾಲಿನ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. 2003ರ ಕಾಯ್ದೆಯಡಿ 2009ರ ಮೇ 31ರಿಂದ ಚಿತ್ರ ಬಂತು. 2016ರ ಏಪ್ರಿಲ್ 1ರಿಂದ ಅದು ಪಾಕೀಟಿನ ಎರಡೂ ಮುಖಗಳ ಶೇ 85ರಷ್ಟನ್ನು ಆವರಿಸಿತು. ಆ ನಿಯಮವನ್ನು 2017ರ ಡಿಸೆಂಬರಿನಲ್ಲಿ ರದ್ದುಪಡಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದ್ದರಿಂದ ಚಿತ್ರ ಉಳಿಯಿತು. ಇನ್ನು ಪಾರದರ್ಶಕ ಹಾಳೆಯ ಮೇಲೆ ಕಾನೂನಿನ ಕೈ ಬಿದ್ದದ್ದು ಪರಿಸರದ ಕಾರಣಕ್ಕೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಮಿಠಾಯಿ ಡಬ್ಬಿ, ಆಮಂತ್ರಣ ಪತ್ರಿಕೆ, ಸಿಗರೇಟು ಪಾಕೀಟುಗಳಿಗೆ ಸುತ್ತುವ ಹಾಳೆಯೂ ಸೇರಿತ್ತು, ಮಣ್ಣಿನಲ್ಲಿ ಕರಗುವ ಬಗೆಯ ಹಾಳೆಗಳಿಗೆ ಮಾತ್ರ ಅವಕಾಶ ಉಳಿಯಿತು. ಲೋಹ, ಕಾಗದ, ಪ್ಲಾಸ್ಟಿಕ್, ಅಂಟು ಒಂದಕ್ಕೊಂದು ಬೆಸೆದುಕೊಂಡಿರುವ ಪುನಃ ಮುಚ್ಚುವ ಒಳಹಾಳೆಯಾದರೋ ಬೇರ್ಪಡಿಸಲೂ ಆಗದ, ಕರಗಲೂ ಕರಗದ ಕಸ.

ಬೀಡಿಯ ಕಟ್ಟಿಗೆ ಈ ಚರಿತ್ರೆಯ ಯಾವ ಸುಧಾರಣೆಯೂ ತಲುಪಲಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4ರಷ್ಟಿದ್ದರೆ ಬೀಡಿ ಸೇದುವವರು ಶೇ 7.7ರಷ್ಟು. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವುದು ಬೆಳಗಾವಿ ಜಿಲ್ಲೆಯಲ್ಲೇ. ಸುತ್ತಿದ ಬೀಡಿಯನ್ನು ಶಾಖದಲ್ಲಿ ಒಣಗಿಸಿ, ಕಟ್ಟು ಕಟ್ಟಿ, ತೆಳು ಕಾಗದದಲ್ಲಿ ಸುತ್ತಿದರೆ ಮುಗಿಯಿತು. ಕಾಗದ ಹರಿದ ಮೇಲೆ ಅದನ್ನು ಕಾಯುವುದು ಅಂಗಿಯ ಜೇಬು. ಜೊತೆಗೆ ಆ ಕಾಗದದ ಮೇಲಿದ್ದ ಎಚ್ಚರಿಕೆಯ ಚಿತ್ರವೂ ಮೊದಲ ಬೀಡಿಗೇ ಹರಿದುಹೋಗುತ್ತದೆ.

ನಮ್ಮ ಭಾಗದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ, ಪಾಕೀಟು ಇರುವುದು ಯಾರ ಕೈಯಲ್ಲಿ ಎಂಬುದು. ಯುರೋಪಿನಲ್ಲಿ ಅದು ಸೇದುವವನ ಜೇಬಿನಲ್ಲಿರುತ್ತದೆ, ಅವನು ದಿನಕ್ಕೆ ಹತ್ತಿಪ್ಪತ್ತು ಸಲ ಆ ಚಿತ್ರವನ್ನು ನೋಡುತ್ತಾನೆ. ಇಲ್ಲಿ ಬಿಡಿ ಸಿಗರೇಟು ಕೊಳ್ಳುವವನು ಪಾಕೀಟನ್ನು ಮುಟ್ಟುವುದೇ ಇಲ್ಲ. ಬಿಡಿ ಮಾರಾಟವನ್ನು ರಾಜ್ಯ ಸರ್ಕಾರ 2017ರಲ್ಲೇ ಅಧಿಸೂಚನೆಯ ಮೂಲಕ ನಿಷೇಧಿಸಿತ್ತು. 2024ರಲ್ಲಿ ವಿಧಾನಮಂಡಲ ಅಂಗೀಕರಿಸಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ತಿದ್ದುಪಡಿ ಕಾಯ್ದೆ ಅದನ್ನೇ ಇನ್ನಷ್ಟು ಬಿಗಿಗೊಳಿಸಿ, ಕೊಳ್ಳುವವನ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಅಂಗಡಿಯ ಸ್ಟೀಲ್ ಡಬ್ಬಿ ಮಾತ್ರ ಇದ್ದಲ್ಲೇ ಇದೆ. ನಾನು ನೋಡಿದ ಆ ಅಂಗಡಿಯಲ್ಲಿ, ಶಾಲೆ ಬಿಟ್ಟು ಎರಡು-ಮೂರು ವರ್ಷವೂ ಆಗಿರದಂತೆ ಕಂಡ ಹುಡುಗನೊಬ್ಬ ಬಂದು ನಾಣ್ಯಗಳನ್ನು ಕಟ್ಟೆಯ ಮೇಲಿಟ್ಟಾಗ, ಡಬ್ಬಿಯ ಮುಚ್ಚಳ ತೆರೆಯಿತು, ಎರಡು ಬೆರಳು ಒಳಗಿಳಿದು ಒಂದು ಸಿಗರೇಟು ಮೇಲೆ ಬಂತು, ಮುಚ್ಚಳ ಮತ್ತೆ ಬಿಗಿಯಾಗಿ ಕೂತಿತು. ಎಚ್ಚರಿಕೆಯ ಚಿತ್ರ ಡಬ್ಬಿಯೊಳಗಿನ ಕತ್ತಲಲ್ಲೇ ಉಳಿಯಿತು.